ಗಾಳಿ ಸೋರದ ಮನೆಗೆ ಮಿನಿ-ಸ್ಪ್ಲಿಟ್ ಹೀಟ್ ಪಂಪ್ ಆರಿಸುವುದು, ಕೂರಿಸುವುದು ಹೇಗೆ?

ಮಿನಿ-ಸ್ಪ್ಲಿಟ್ ಹೀಟ್ ಪಂಪ್ ನೋಡಲು ಸ್ಪ್ಲಿಟ್ ಎಸಿಯಂತೆಯೇ ಇರುತ್ತದೆ. ಚಳಿಗಾಲದಲ್ಲಿ ಗ್ಯಾಸ್ ಹರಿಯುವ ದಿಕ್ಕು ತಿರುಗಿಸಿ ಹೊರಗಿನ ಶಾಖವನ್ನು ಒಳಗೆ ತರುತ್ತದೆ. ಇನ್ಸುಲೇಷನ್ (ಶಾಖ ಹೊರಹೋಗದಂತೆ ತಡೆಯುವ ಪದರ) ಚೆನ್ನಾಗಿರುವ ಮನೆಗೆ ಚಿಕ್ಕದೇ ಸಾಕು. ದೊಡ್ಡದು ತಂದರೆ ತೊಂದರೆಯೇ ಹೆಚ್ಚು.

ಮೊದಲು ಲೆಕ್ಕ. ಚದರ ಅಡಿ ನೋಡಿ ಟನ್ ಹೇಳುವ ಅಂದಾಜು ಇಲ್ಲಿ ಕೈಕೊಡುತ್ತದೆ. ಗೋಡೆ, ಚಾವಣಿ, ಕಿಟಕಿ, ಗಾಳಿ ಸೋರಿಕೆ ಎಲ್ಲವನ್ನೂ ಹಿಡಿದು ಕೋಣೆವಾರು ಹೀಟ್ ಲೋಡ್, ಅಂದರೆ ಬೆಚ್ಚಗಿಡಲು ಬೇಕಾಗುವ ಶಾಖ, ಲೆಕ್ಕ ಹಾಕಿಸಿ. ನಂತರ ಯಂತ್ರದ ವಿವರಪಟ್ಟಿಯಲ್ಲಿ ಎರಡು ಅಂಕಿ ಹುಡುಕಿ: ನಿಮ್ಮಲ್ಲಿನ ಅತಿ ಚಳಿಯಲ್ಲಿ ಗರಿಷ್ಠ ಎಷ್ಟು ಶಾಖ ಕೊಡುತ್ತದೆ, ಕನಿಷ್ಠ ಎಷ್ಟಕ್ಕೆ ಇಳಿಯುತ್ತದೆ. ಎರಡನೆಯದನ್ನು ಬಹಳ ಜನ ನೋಡುವುದೇ ಇಲ್ಲ. ಅತಿ ಚಳಿಯಲ್ಲಿ 3 ಕಿಲೋವ್ಯಾಟ್ ಬೇಡುವ ಮನೆಗೆ ಸಾಧಾರಣ ದಿನ 0.8 ಸಾಕಾಗಬಹುದು. ಯಂತ್ರ 1.5ಕ್ಕಿಂತ ಕೆಳಗಿಳಿಯದಿದ್ದರೆ ಪದೇ ಪದೇ ನಿಂತು ಶುರುವಾಗುತ್ತದೆ. ಕರೆಂಟ್ ಹೆಚ್ಚು ಎಳೆಯುತ್ತದೆ. ಸೆಖೆಗಾಲದಲ್ಲಿ ತೇವ ತೆಗೆಯಲು ಸಮಯ ಸಾಲದೆ, ಕೋಣೆ ತಣ್ಣಗಾದರೂ ಮೈ ಅಂಟಂಟಾಗುತ್ತದೆ. ಒಂದೇ ಔಟ್‌ಡೋರ್ ಯೂನಿಟ್‌ಗೆ ನಾಲ್ಕು ಇಂಡೋರ್ ಯೂನಿಟ್ ಜೋಡಿಸುವ ಮಲ್ಟಿ-ಸ್ಪ್ಲಿಟ್‌ನಲ್ಲಿ ಕನಿಷ್ಠ ಸಾಮರ್ಥ್ಯ ಸಾಮಾನ್ಯವಾಗಿ ಇನ್ನೂ ಹೆಚ್ಚು. ಸಾಧ್ಯವಾದರೆ ಒಂದು ಔಟ್‌ಡೋರ್‌ಗೆ ಒಂದೇ ಇಂಡೋರ್ ಇರುವ ಬಿಡಿ ಜೋಡಿಗಳನ್ನೇ ಹಾಕಿಸಿ.

ಇಂಡೋರ್ ಯೂನಿಟ್ ನಡುಮನೆಯಲ್ಲಿರಲಿ. ಬಾಗಿಲು ತೆರೆದಿದ್ದರೆ ಮಲಗುವ ಕೋಣೆಗೂ ಶಾಖ ತಲುಪುತ್ತದೆ. ಮುಚ್ಚಿಯೇ ಮಲಗುವವರು ಆ ಕೋಣೆಗೆ ಬೇರೆ ವ್ಯವಸ್ಥೆ ಯೋಚಿಸಬೇಕು. ಹಿಮ ಬೀಳುವ ಕಡೆ ಔಟ್‌ಡೋರ್ ಯೂನಿಟ್ ಹಿಮದ ಮಟ್ಟಕ್ಕಿಂತ ಮೇಲಿರಲಿ.

ಪೈಪ್ ಹಾಯುವ ರಂಧ್ರ ಹೊರಗಡೆಗೆ ತುಸು ಇಳಿಜಾರಾಗಿರಬೇಕು. ಡ್ರೇನ್ ಪೈಪ್‌ಗೆ ಮೀಟರಿಗೆ 1 ಸೆಂ.ಮೀ. ಇಳಿಜಾರು ಕೊಡಿ, ನಡುವೆ ಎಲ್ಲಿಯೂ ಜೋತುಬೀಳಬಾರದು, ಬಿದ್ದರೆ ನೀರು ಗೋಡೆಗಿಳಿಯುತ್ತದೆ. ರಂಧ್ರದ ಎರಡೂ ತುದಿ ಭದ್ರವಾಗಿ ಮುಚ್ಚಿ. ಇಲ್ಲವಾದರೆ ಹೊರಗಿನ ಗಾಳಿ ಯೂನಿಟ್‌ನ ಹಿಂದೆ ನುಗ್ಗಿ ಸೆನ್ಸರ್‌ಗೆ ತಪ್ಪು ಉಷ್ಣತೆ ತೋರಿಸುತ್ತದೆ.

ಗ್ಯಾಸ್ ಹೆಚ್ಚಾಗಿ ಸೋರುವುದು ಫ್ಲೇರ್ ಜೋಡಣೆಯಲ್ಲಿ, ಅಂದರೆ ತಾಮ್ರದ ಪೈಪ್‌ನ ತುದಿ ಅಗಲಿಸಿ ನಟ್‌ನಿಂದ ಬಿಗಿಯುವ ಕಡೆ. ಕೈಯಂದಾಜು ಬೇಡ, ಎಷ್ಟು ಬಿಗಿದಿದೆ ಎಂದು ಅಳೆಯುವ ಟಾರ್ಕ್ ರೆಂಚ್ ಬಳಸಬೇಕು: ಕಾಲು ಇಂಚಿನ ಪೈಪ್‌ಗೆ ಸುಮಾರು 14–18 ನ್ಯೂಟನ್-ಮೀಟರ್, ಮೂರೆಂಟನೇ (3/8) ಇಂಚಿನದಕ್ಕೆ 34–42. ನೈಟ್ರೋಜನ್ ತುಂಬಿ ಒತ್ತಡ ಪರೀಕ್ಷಿಸಿದ ಬಳಿಕ ವ್ಯಾಕ್ಯೂಮ್ ಪಂಪ್‌ನಿಂದ ಒಳಗಿನ ಒತ್ತಡವನ್ನು 500 ಮೈಕ್ರಾನ್‌ಗಿಂತ (ನಿರ್ವಾತ ಅಳೆಯುವ ಮಾನ) ಕೆಳಗಿಳಿಸಿ, ಪಂಪ್ ನಿಲ್ಲಿಸಿ ಗೇಜ್ ಗಮನಿಸಿ. ಮುಳ್ಳು ಏರುತ್ತಲೇ ಹೋದರೆ ಸೋರಿಕೆ. ಸ್ವಲ್ಪ ಏರಿ ನಿಂತರೆ ಒಳಗೆ ತೇವ ಉಳಿದಿರಬಹುದು. ಈ ಕೆಲಸ ತರಬೇತಿ ಪಡೆದ ಮೆಕ್ಯಾನಿಕ್‌ನದೇ.

ಬಳಸುವಾಗ ಒಂದೇ ಉಷ್ಣತೆಗೆ ಇಟ್ಟು, ಫ್ಯಾನ್ ಆಟೋದಲ್ಲಿ ಬಿಟ್ಟುಬಿಡಿ. ನಿಧಾನವಾಗಿ ಓಡುತ್ತಿರುವಾಗಲೇ ಇದು ಮಿತವ್ಯಯಿ. ಆದರೆ ತಾಜಾ ಗಾಳಿ ಇದರಿಂದ ಬರುವುದಿಲ್ಲ. ಸೋರಿಕೆಯಿಲ್ಲದ ಮನೆಗೆ ವೆಂಟಿಲೇಷನ್ ಬೇರೆಯಾಗಿಯೇ ಬೇಕು.