ಅಲಸಂದೆ ಅನ್ನ, ಕಾರ್ನ್‌ಬ್ರೆಡ್: ಅಮೆರಿಕದ ದಕ್ಷಿಣದ ಮನೆಯೂಟ

ಅಮೆರಿಕದ ದಕ್ಷಿಣ ರಾಜ್ಯಗಳ ಅಡುಗೆಯೆಂದರೆ ಕರಿದ ಕೋಳಿ ಎಂದೇ ಹಲವರು ತಿಳಿದಿದ್ದಾರೆ. ಅಲ್ಲಿನ ಮನೆಗಳ ನಿತ್ಯದ ಊಟಕ್ಕೆ ಆಧಾರವಾಗಿ ಬಂದಿರುವುದು ಕಾಳು, ಅಕ್ಕಿ, ಸೊಪ್ಪು ಮತ್ತು ಮೆಕ್ಕೆಜೋಳ. ಮೆಕ್ಕೆಜೋಳ ಅಲ್ಲಿನ ಮೂಲನಿವಾಸಿಗಳ ಧಾನ್ಯ. ಅಲಸಂದೆ ಪಶ್ಚಿಮ ಆಫ್ರಿಕಾದಿಂದ ಗುಲಾಮರನ್ನು ಸಾಗಿಸಿದ ಹಡಗುಗಳ ಕಾಲದಲ್ಲಿ ಬಂದದ್ದು. ದಕ್ಷಿಣ ಕೆರೊಲಿನಾದ ಕರಾವಳಿಯಲ್ಲಿ ಭತ್ತದ ಗದ್ದೆಗಳನ್ನು ಕಟ್ಟಿ ಬೆಳೆದವರೂ ಗುಲಾಮರಾಗಿದ್ದ ಆಫ್ರಿಕನ್ನರೇ. ಆ ಕೈಗಳ ತಿಳಿವಳಿಕೆಯಿಂದ ರೂಪುಗೊಂಡ ಹಾಪಿನ್ ಜಾನ್ ಎಂಬ ಅಲಸಂದೆ ಅನ್ನವನ್ನು ದಕ್ಷಿಣದವರು ಜನವರಿ 1ರಂದು ತಪ್ಪದೆ ಉಣ್ಣುತ್ತಾರೆ.

ಒಂದು ಕಪ್ ಅಲಸಂದೆ ಕಾಳನ್ನು ರಾತ್ರಿಯೇ ನೆನೆಹಾಕಿರಿ. ಮರುದಿನ ದಪ್ಪ ತಳದ ಪಾತ್ರೆಯಲ್ಲಿ ಎರಡು ಚಮಚ ಬೆಣ್ಣೆ ಕರಗಿಸಿ, ಸಣ್ಣಗೆ ಹೆಚ್ಚಿದ ಈರುಳ್ಳಿ, ಸೆಲರಿ ಮತ್ತು ಬೆಳ್ಳುಳ್ಳಿಯನ್ನು ಮೆತ್ತಗಾಗುವವರೆಗೆ ಬಾಡಿಸಿ, ಕಾಳು, ಒಂದು ಬೇ ಲೀಫ್, ಥೈಮ್ ಎಂಬ ಪರಿಮಳದ ಎಲೆ ಸ್ವಲ್ಪ ಮತ್ತು ಐದು ಕಪ್ ನೀರು ಸೇರಿಸಿ ಸಣ್ಣ ಉರಿಯಲ್ಲಿ ಬೇಯಿಸಬೇಕು. ಅಲ್ಲಿ ಹೊಗೆಯಲ್ಲಿಟ್ಟ ಹಂದಿಮಾಂಸದ ತುಂಡೊಂದನ್ನು ರುಚಿಗಾಗಿ ಹಾಕುತ್ತಾರೆ. ಮಾಂಸ ತಿನ್ನದವರು ಹೊಗೆಯ ಪರಿಮಳವಿರುವ ಪ್ಯಾಪ್ರಿಕಾ ಪುಡಿಯನ್ನು ಒಂದು ಚಮಚ ಹಾಕಬಹುದು. ಕುಕ್ಕರ್ ಬೇಡ, ಏಕೆಂದರೆ ಕಾಳು ಬೆರಳಲ್ಲಿ ಒತ್ತಿದರೆ ಹಿಸುಕುವಂತಿರಬೇಕೇ ಹೊರತು ಒಡೆದು ಕರಗಿರಬಾರದು. ಉಪ್ಪು ಹಾಕಿ, ಕಾಳನ್ನು ಬಸಿದು ಕಟ್ಟನ್ನು ಅಳೆಯಿರಿ. ಎರಡು ಕಪ್ ಕಟ್ಟಿಗೆ (ಕಡಿಮೆಯಾದರೆ ನೀರು ಬೆರೆಸಿ) ಒಂದು ಕಪ್ ತೊಳೆದ ಅಕ್ಕಿ ಹಾಕಿ, ಕುದಿ ಬಂದ ಮೇಲೆ ಮುಚ್ಚಿ, ಸಣ್ಣ ಉರಿಯಲ್ಲಿ ಹದಿನೆಂಟು ನಿಮಿಷ ಬೇಯಿಸಿ, ಕಾಳನ್ನು ಬೆರೆಸಿ ಹತ್ತು ನಿಮಿಷ ಹಾಗೆಯೇ ಬಿಡಿ. ಅನ್ನ ಬೇರೆ, ಕಾಳು ಬೇರೆ ಬೇಯಿಸಿ ಕಲಸಿದರೆ ಈ ರುಚಿ ಬರುವುದಿಲ್ಲ. ಇದರ ಸ್ವಾರಸ್ಯವೆಲ್ಲ ಅಕ್ಕಿ ಕಟ್ಟನ್ನು ಹೀರಿಕೊಳ್ಳುವುದರಲ್ಲಿದೆ.

ಮೆಕ್ಕೆಜೋಳದ ಬ್ರೆಡ್ಡಾದ ಕಾರ್ನ್‌ಬ್ರೆಡ್‌ಗೆ ಹಿಟ್ಟಿನ ಆಯ್ಕೆಯೇ ಮುಖ್ಯ. ನಮ್ಮ ಅಂಗಡಿಗಳಲ್ಲಿ ಕಾರ್ನ್ ಫ್ಲೋರ್ ಎಂದು ಸಿಗುವ ನುಣುಪಾದ ಬಿಳಿ ಪುಡಿ ಬರಿಯ ಪಿಷ್ಟ, ಅದು ಇದಕ್ಕೆ ಆಗದು. ಮೆಕ್ಕೆಜೋಳವನ್ನು ಸಣ್ಣ ರವೆಯ ಹದಕ್ಕೆ ಬೀಸಿದ ಹಿಟ್ಟು ಬೇಕು. ಅಂಥ ಎರಡು ಕಪ್ ಹಿಟ್ಟಿಗೆ ಒಂದು ಟೀ ಚಮಚ ಉಪ್ಪು, ಅರ್ಧರ್ಧ ಟೀ ಚಮಚ ಅಡುಗೆ ಸೋಡಾ ಮತ್ತು ಬೇಕಿಂಗ್ ಪೌಡರ್ ಬೆರೆಸಿ. ಅಲ್ಲಿನ ಮಜ್ಜಿಗೆ ನಮ್ಮ ಕಡೆದ ಮಜ್ಜಿಗೆಗಿಂತ ಗಟ್ಟಿ; ಆದ್ದರಿಂದ ತುಸು ಹುಳಿಯಾದ ಮೊಸರಿಗೆ ಸ್ವಲ್ಪವೇ ನೀರು ಸೇರಿಸಿ ಕಡೆದು, ಒಂದೂವರೆ ಕಪ್ ಅಳೆದಿಟ್ಟುಕೊಳ್ಳಿ. ಸೋಡಾ ಉಬ್ಬಲು ಆ ಹುಳಿಯೇ ಕಾರಣ. ಜೊತೆಗೆ ಒಂದು ಮೊಟ್ಟೆ. ಸಕ್ಕರೆ ಹಾಕಬಾರದೆಂಬುದು ದಕ್ಷಿಣದ ಅನೇಕ ಮನೆಗಳ ಹಠ, ನನಗೂ ಅದೇ ಸರಿಯೆನಿಸುತ್ತದೆ: ಸಿಹಿಯಾದರೆ ಅದು ಕೇಕಿನತ್ತ ಸರಿಯುತ್ತದೆ, ಕಾಳಿನ ಜೊತೆ ಹೊಂದುವುದಿಲ್ಲ.

ಒಂಬತ್ತು ಅಂಗುಲದ, ಅಂಚಿರುವ ಬೀಡು ಕಬ್ಬಿಣದ ಬಾಣಲೆಯನ್ನು 220 ಡಿಗ್ರಿ ಸೆಲ್ಸಿಯಸ್‌ಗೆ ಕಾದ ಓವನ್ನಿನಲ್ಲಿ ಹದಿನೈದು ನಿಮಿಷ ಬರಿದಾಗಿಯೇ ಕಾಯಿಸಿ. ಅಷ್ಟರಲ್ಲಿ ನಾಲ್ಕು ಚಮಚ ಬೆಣ್ಣೆ ಕರಗಿಸಿ, ಮೂರನ್ನು ಮಜ್ಜಿಗೆ, ಮೊಟ್ಟೆಯೊಂದಿಗೆ ಹಿಟ್ಟಿಗೆ ಕಲಸಿ. ಬಾಣಲೆಯನ್ನು ದಪ್ಪ ಬಟ್ಟೆ ಹಿಡಿದು ತೆಗೆದು ಉಳಿದ ಬೆಣ್ಣೆ ಸವರಿ ಹಿಟ್ಟು ಸುರಿದಾಗ ಚುಂಯ್ ಎಂಬ ಸದ್ದು ಕೇಳಬೇಕು, ಅಂಚಿನಲ್ಲಿ ಸಣ್ಣ ಗುಳ್ಳೆಗಳೇಳಬೇಕು. ಆ ಸದ್ದಿಲ್ಲದಿದ್ದರೆ ತಳ ಗರಿಗರಿಯಾಗುವುದಿಲ್ಲ. ಸುಮಾರು ಇಪ್ಪತ್ತು ನಿಮಿಷದಲ್ಲಿ ಅಂಚು ಕೆಂಪಾಗಿ ಬಾಣಲೆಯಿಂದ ಬಿಟ್ಟುಕೊಳ್ಳುತ್ತದೆ.

ಪಕ್ಕಕ್ಕೆ ಕಾಲರ್ಡ್ ಸೊಪ್ಪಿನ ಪಲ್ಯ ವಾಡಿಕೆ. ಅದು ಸಿಗದಲ್ಲಿ ಅದೇ ಜಾತಿಯ ನವಿಲುಕೋಸಿನ ಎಲೆಗಳನ್ನು ಬೆಳ್ಳುಳ್ಳಿ, ಒಣಮೆಣಸಿನಕಾಯಿಯೊಂದಿಗೆ ನಿಧಾನವಾಗಿ ಬೇಯಿಸಿ, ಕೊನೆಗೆ ಒಂದು ಚಮಚ ವಿನೆಗರ್ ಹಾಕಿ. ಸೊಪ್ಪು ಬೆಂದ ನೀರನ್ನು ಚೆಲ್ಲದೆ ಕಾರ್ನ್‌ಬ್ರೆಡ್ ಅದ್ದಿ ತಿನ್ನಿರಿ. ಮಿಕ್ಕ ಬ್ರೆಡ್ಡನ್ನು ಮರುದಿನ ಮುರಿದು ಲೋಟದ ತಣ್ಣನೆಯ ಮಜ್ಜಿಗೆಯಲ್ಲಿ ನೆನೆಸಿ ಚಮಚದಲ್ಲಿ ತಿನ್ನುವುದು ಅಲ್ಲಿನ ಹಿರಿಯರ ರೂಢಿ. ಅದಕ್ಕೆ ಚಿಟಿಕೆ ಉಪ್ಪು ಮತ್ತು ಕಾಳುಮೆಣಸಿನ ಪುಡಿ ಸಾಕು.