ಕ್ರಿಯಾಟಿನಿನ್ ಏರಿದೆ, ಗುಳಿಗೆ ಹೆಚ್ಚಿಸಬೇಕಾ ಇಳಿಸಬೇಕಾ?

ಕಲಬುರಗಿಯಲ್ಲಿ ಕಿಡ್ನಿ ಡಾಕ್ಟರಾಗಿ ಕೆಲಸ ಮಾಡುತ್ತೇನೆ. ನನ್ನ ಬಳಿ ಬರುವ ಕಿಡ್ನಿ ಕಸಿ (ಟ್ರಾನ್ಸ್‌ಪ್ಲಾಂಟ್) ರೋಗಿಗಳಲ್ಲಿ ಹೆಚ್ಚಿನವರು ಹೈದರಾಬಾದಿನಲ್ಲೋ ಬೆಂಗಳೂರಿನಲ್ಲೋ ಆಪರೇಷನ್ ಮಾಡಿಸಿಕೊಂಡು ಬಂದವರು. ಊರಿಗೆ ಬಂದ ಮೇಲೆ ಜ್ವರ, ಭೇದಿ, ರಿಪೋರ್ಟು ಎಲ್ಲಾ ನನ್ನ ಟೇಬಲ್‌ಗೆ ಬರುತ್ತವೆ. ಈ ಕೆಲಸದಲ್ಲಿ ಜಾಸ್ತಿ ತಲೆ ಕೆಡಿಸುವುದು ಒಂದೇ ಪ್ರಶ್ನೆ: ಔಷಧಿ ಹೆಚ್ಚಾಗಿದೆಯೋ, ಕಡಿಮೆಯಾಗಿದೆಯೋ?

ಬೇರೆಯವರ ಕಿಡ್ನಿಯನ್ನು ದೇಹ ಸುಮ್ನೆ ಬಿಡುವುದಿಲ್ಲ. ಅದಕ್ಕೇ ಟ್ಯಾಕ್ರೊಲಿಮಸ್, ಮೈಕೊಫಿನೊಲೇಟ್, ಪ್ರೆಡ್ನಿಸೊಲೋನ್ ಎಂಬ ಮೂರು ಔಷಧಿ ಕೊಟ್ಟು ರೋಗನಿರೋಧಕ ಶಕ್ತಿಯನ್ನು ತಗ್ಗಿಸುತ್ತೇವೆ. ತಗ್ಗಿದರೆ ಕಿಡ್ನಿ ಉಳಿಯುತ್ತದೆ. ಆದರೆ ಚಿಕ್ಕಂದಿನಿಂದ ಮೈಯೊಳಗೆ ಮಲಗಿದ್ದ ವೈರಸ್‌ಗಳೂ ಆಗಲೇ ಏಳುತ್ತವೆ.

ನನಗೆ ಹೆಚ್ಚು ಭಯ ಬಿಕೆ ವೈರಸ್ ಕಂಡರೆ. 1971ರಲ್ಲಿ ಇದು ಮೊದಲು ಸಿಕ್ಕಿದ್ದೇ ಕಿಡ್ನಿ ಕಸಿ ಆದ ಒಬ್ಬರ ಮೂತ್ರದಲ್ಲಿ. ಜ್ವರ ಇರುವುದಿಲ್ಲ, ನೋವೂ ಇರುವುದಿಲ್ಲ. ರೋಗಿ ಚೆನ್ನಾಗಿ ರೊಟ್ಟಿ ತಿಂದುಕೊಂಡು, ನಗುತ್ತಾ ಬಂದು ಕೂರುತ್ತಾರೆ. ರಿಪೋರ್ಟ್ ನೋಡಿದರೆ 1.2 ಇದ್ದ ಕ್ರಿಯಾಟಿನಿನ್, ಅಂದರೆ ಕಿಡ್ನಿ ಸೋಸಿ ಹೊರಹಾಕಬೇಕಾದ ರಕ್ತದ ಕಸ, 1.7 ಆಗಿರುತ್ತದೆ. ರಿಜೆಕ್ಷನ್ ಆದರೂ, ಅಂದರೆ ದೇಹ ಹೊಸ ಕಿಡ್ನಿಯ ಮೇಲೆ ತಿರುಗಿಬಿದ್ದರೂ, ಹೀಗೇ ಏರುತ್ತದೆ. ರಿಜೆಕ್ಷನ್ ಆದರೆ ಸ್ಟೀರಾಯ್ಡ್ ಇಂಜೆಕ್ಷನ್ ಕೊಟ್ಟು ನಿರೋಧಕ ಶಕ್ತಿಯನ್ನು ಇನ್ನೂ ಒತ್ತಬೇಕು. ಬಿಕೆ ಆದರೆ ಔಷಧಿ ಇಳಿಸಬೇಕು, ಯಾಕೆಂದರೆ ಬಿಕೆಗೆಂದೇ ನೆಚ್ಚಬಹುದಾದ ಔಷಧಿ ಇಲ್ಲ. ಊಹೆ ಮಾಡಿ ಸ್ಟೀರಾಯ್ಡ್ ಕೊಟ್ಟುಬಿಟ್ಟರೆ ವೈರಸ್ಸಿಗೆ ಬಾಗಿಲು ತೆಗೆದ ಹಾಗೆ.

ಹಾಗಾಗಿ ನಾನು ಊಹೆಗೆ ಹೋಗುವುದಿಲ್ಲ. ಮೊದಲು ಟ್ಯಾಕ್ರೊಲಿಮಸ್ ಮಟ್ಟ, ಮೂತ್ರ ಪರೀಕ್ಷೆ, ಸ್ಕ್ಯಾನ್. ಜೊತೆಗೆ ರಕ್ತದಲ್ಲಿ ಬಿಕೆ ವೈರಸ್ ಇದೆಯೋ ಎಂದು ನೋಡುವ ಪಿಸಿಆರ್. ಆಗಲೂ ಸ್ಪಷ್ಟವಾಗದಿದ್ದರೆ ಕಿಡ್ನಿಯ ಚೂರು ತೆಗೆದು ನೋಡುವ ಬಯಾಪ್ಸಿ. ಕಸಿ ಮಾಡಿದ ಆಸ್ಪತ್ರೆಗೇ ಕಳಿಸುತ್ತೇನೆ. ರಾತ್ರಿ ರೈಲು, ಖರ್ಚು ಎಲ್ಲಾ ಕಷ್ಟವೇ. ಆದರೂ ಕಳಿಸುತ್ತೇನೆ. ಮೊದಲ ಕೆಲವು ತಿಂಗಳು ಪ್ರತಿ ತಿಂಗಳೂ, ಆಮೇಲೆ ವರ್ಷ ತುಂಬುವವರೆಗೆ ಮೂರು ತಿಂಗಳಿಗೊಮ್ಮೆ ಬಿಕೆ ನೋಡಿದರೆ ಕ್ರಿಯಾಟಿನಿನ್ ಏರುವ ಮುಂಚೆಯೇ ಹಿಡಿಯಬಹುದು. 'ಆರಾಮ ಇದ್ದೀನಿ, ಯಾಕ್ರೀ ಸುಮ್ನೆ ರೊಕ್ಕ' ಎನ್ನುವವರೊಂದಿಗೆ ಈ ಒಂದು ಪರೀಕ್ಷೆಗಾಗಿ ನಾನು ಜಗಳಕ್ಕೂ ನಿಲ್ಲುತ್ತೇನೆ.

ಔಷಧಿ ಇಳಿಸುತ್ತೇನೆ ಎಂದರೆ ಮನೆಯವರಿಗೆ ಜೀವ ಹೋದಂತಾಗುತ್ತದೆ. ಮಗನಿಗೆ ಕಿಡ್ನಿ ಕೊಟ್ಟ ತಾಯಿಯೊಬ್ಬರು ಕೇಳಿದರು: "ಗುಳಿಗಿ ಕಮ್ಮಿ ಮಾಡಿದ್ರ ನಾ ಕೊಟ್ಟ ಕಿಡ್ನಿ ಉಳಿತದೇನ್ರೀ ಸಾಹೇಬ್ರ?" ನ್ಯಾಯವಾದ ಪ್ರಶ್ನೆ ಅಲ್ವಾ? "ಉಳಿಸಾಕೇ ಕಮ್ಮಿ ಮಾಡ್ಲಿಕ್ಕತ್ತೀನಿ ಯವ್ವಾ, ಆದ್ರ ಎರಡು ವಾರಕ್ಕೊಮ್ಮೆ ರಕ್ತ ತೋರಿಸ್ಲೇಬೇಕು" ಎಂದೆ. ಸಾಮಾನ್ಯವಾಗಿ ಮೊದಲು ಮೈಕೊಫಿನೊಲೇಟ್ ಅರ್ಧಕ್ಕಿಳಿಸುತ್ತೇನೆ, ಆಮೇಲೆ ಟ್ಯಾಕ್ರೊಲಿಮಸ್ ಸ್ವಲ್ಪ. ವೈರಸ್ ಇಳಿಯಲು ತಿಂಗಳುಗಳೇ ಬೇಕು. ಆ ಹೊತ್ತಿನಲ್ಲಿ ರಿಜೆಕ್ಷನ್ ಇಣುಕುತ್ತದೆಯೋ ಎಂದು ಕಣ್ಣಿಟ್ಟಿರಬೇಕು.

ಸಿಎಂವಿ (ಸೈಟೊಮೆಗಾಲೊವೈರಸ್) ಎಂಬ ಇನ್ನೊಂದು ವೈರಸ್ ಇಷ್ಟು ಗುಟ್ಟಿನದಲ್ಲ. ಕಸಿ ಆದ ಮೇಲೆ ಮೂರರಿಂದ ಆರು ತಿಂಗಳು ವಾಲ್‌ಗ್ಯಾನ್‌ಸಿಕ್ಲೊವಿರ್ ಕೊಟ್ಟು ಅದನ್ನು ತಡೆದಿರುತ್ತೇವೆ. ಗುಳಿಗೆ ನಿಂತ ಕೆಲವು ವಾರಕ್ಕೆ ಅದು ಮುಖ ತೋರಿಸಬಹುದು. ಸಣ್ಣ ಜ್ವರ, ಸುಸ್ತು, ಭೇದಿ, ಬಿಳಿ ರಕ್ತಕಣ ಕಡಿಮೆ. ನಮ್ಮ ಕಡೆ ಜ್ವರ ಎಂದ ಕೂಡಲೇ ವಿಡಾಲ್ ಪರೀಕ್ಷೆ, ಟೈಫಾಯ್ಡ್ ಎಂಬ ಹೆಸರು, ಒಂದು ಸಲೈನ್. ವಿಡಾಲ್ ಒಂದನ್ನೇ ನಂಬಬಾರದು ಎಂದು ಹೇಳಿ ಹೇಳಿ ಸಾಕಾಗಿದೆ. ಕಸಿ ಆದವರಿಗೆ ಜ್ವರ ಬಂದು ಬಿಳಿ ಕಣ ಇಳಿದಿದ್ದರೆ ಸಿಎಂವಿ ಪಿಸಿಆರ್ ಮಾಡಿಸಲೇಬೇಕು. ಚಿಕಿತ್ಸೆಗೂ ಅದೇ ವಾಲ್‌ಗ್ಯಾನ್‌ಸಿಕ್ಲೊವಿರ್. ಕಿಡ್ನಿ ಎಷ್ಟು ಕೆಲಸ ಮಾಡುತ್ತಿದೆ ಎಂಬ ಲೆಕ್ಕದ ಮೇಲೆ ಡೋಸ್. ಈ ಔಷಧಿಯೂ ಬಿಳಿ ಕಣ ಇಳಿಸುತ್ತದೆ, ಮೇಲಾಗಿ ದುಬಾರಿ. ದುಡ್ಡು ಉಳಿಸಲು ಒಂದು ದಿನ ಬಿಟ್ಟು ಒಂದು ದಿನ ನುಂಗಿದರೆ ವೈರಸ್ ಔಷಧಿಗೆ ಬಗ್ಗದಂತಾಗುತ್ತದೆ. ಕಷ್ಟ ಇದ್ದರೆ ಮೊದಲೇ ಹೇಳಿ ಎನ್ನುತ್ತೇನೆ.

ಪ್ರತಿ ಫೈಲಿಗೂ ಒಂದು ಚೀಟಿ ಪಿನ್ ಮಾಡಿಸಿದ್ದೇನೆ. ಕನ್ನಡದಲ್ಲಿದೆ, ಉರ್ದುವಿನಲ್ಲೂ ಇದೆ. ಊರಿನ ಡಾಕ್ಟರಿಗೆ, ಮೆಡಿಕಲ್ ಅಂಗಡಿಯವರಿಗೆ ತೋರಿಸಲು. ನೋವಿನ ಗುಳಿಗೆ ಡೈಕ್ಲೊಫೆನಾಕ್ ಬೇಡ. ಆ್ಯಂಟಿಬಯೋಟಿಕ್ ಕ್ಲಾರಿಥ್ರೊಮೈಸಿನ್, ಫಂಗಸ್ಸಿನ ಔಷಧಿ ಫ್ಲುಕೊನಜೋಲ್ ನನ್ನನ್ನು ಕೇಳದೆ ಬೇಡ, ಟ್ಯಾಕ್ರೊಲಿಮಸ್ ಮಟ್ಟ ಜಿಗಿಯುತ್ತದೆ. ಚಕ್ಕೋತ ಹಣ್ಣೂ ಅದನ್ನೇ ಮಾಡುತ್ತದೆ. ಟಿಬಿಗೆ ಕೊಡುವ ರಿಫಾಂಪಿಸಿನ್ ಇದಕ್ಕೆ ತಿರುಗಾಮುರುಗ, ಟ್ಯಾಕ್ರೊಲಿಮಸ್ಸನ್ನು ನೆಲಕ್ಕಿಳಿಸುತ್ತದೆ. ನಮ್ಮಲ್ಲಿ ಟಿಬಿ ಕಡಿಮೆಯೇನಲ್ಲ. ಟಿಬಿ ಬಂದಾಗ ರಿಫಾಂಪಿಸಿನ್ ಬಿಟ್ಟು ಬೇರೆ ಔಷಧಿ ಜೋಡಿಸುವುದೇ ಒಂದು ದೊಡ್ಡ ಲೆಕ್ಕ.

ಹಾಗೇ ಮಲಗಿದ್ದ ಇನ್ನೊಂದು ವೈರಸ್ಸಿನಿಂದ ಸರ್ಪಸುತ್ತು ಎದ್ದರೆ ಕೆಮ್ಮಣ್ಣು ಹಚ್ಚಿಕೊಂಡು ಬರುತ್ತಾರೆ. ಹಚ್ಚಿಕೊಂಡಿದ್ದಕ್ಕೆ ಬೈಯುವುದಿಲ್ಲ, ಮೂರು ದಿನದೊಳಗೆ ಬಂದರೆ ಸಾಕು. ಲಸಿಕೆಗಳಲ್ಲಿ ಜೀವಂತ ವೈರಸ್ ಇರುವಂಥವು ಬೇಡ. ಫ್ಲೂ, ನ್ಯುಮೋನಿಯಾದ ಚುಚ್ಚುಮದ್ದು ನಡೆಯುತ್ತವೆ. ಮಾಸ್ಕಿನ ಬಗ್ಗೆ ಈಗ ಹೆಚ್ಚು ಹೇಳಬೇಕಾಗಿಲ್ಲ. 2020ರ ಮಾರ್ಚ್‌ನಲ್ಲಿ ದೇಶದ ಮೊದಲ ಕೋವಿಡ್ ಸಾವು ಕಲಬುರಗಿಯವರದೇ. ಆ ದಿನಗಳನ್ನು ಇಲ್ಲಿ ಯಾರೂ ಮರೆತಿಲ್ಲ.

ಟ್ಯಾಕ್ರೊಲಿಮಸ್ ಪರೀಕ್ಷೆಯಲ್ಲಿ ಒಂದು ಸಣ್ಣ ತೊಡಕಿದೆ. ಬೆಳಗಿನ ಗುಳಿಗೆ ನುಂಗುವ ಮುಂಚೆ ರಕ್ತ ಕೊಡಬೇಕು. ಅಫಜಲಪುರದಿಂದ ಮೊದಲ ಬಸ್ಸಿಗೆ ಹೊರಡುವವರು ಮನೆಯಲ್ಲೇ ನುಂಗಿ ಬಂದುಬಿಡುತ್ತಾರೆ. ಆಮೇಲೆ ಬರುವ ಅಂಕಿಯಿಂದ ಏನೂ ತಿಳಿಯುವುದಿಲ್ಲ. 'ಗುಳಿಗೆ ಜೇಬಿನಲ್ಲಿಟ್ಟುಕೊಂಡು ಬನ್ನಿ, ರಕ್ತ ಕೊಟ್ಟ ಮೇಲೆ ಇಲ್ಲೇ ನುಂಗಿ' ಎಂದು ಹಿಂದಿನ ಸಂಜೆ ನಮ್ಮ ಸಿಸ್ಟರ್ ಫೋನ್ ಮಾಡುತ್ತಾರೆ.

ಇನ್ನು ಬಿಸಿಲು. ಹೋಳಿ ಮುಗಿದು ಶರಣಬಸವೇಶ್ವರ ಜಾತ್ರೆ ಬರುವ ಹೊತ್ತಿಗೆ ಶುರುವಾಗಿ, ಮೇ ತಿಂಗಳಲ್ಲಿ 42 ಡಿಗ್ರಿ ದಾಟುತ್ತದೆ. ಜಾತ್ರೆಗೆ ಹೋಗಬೇಡಿ ಎಂದರೆ ಯಾರೂ ಕೇಳುವುದಿಲ್ಲ, ನಾನು ಹೇಳುವುದೂ ಇಲ್ಲ. ಮನೆಯ ನೀರಿನ ಬಾಟಲಿ ಒಯ್ಯಿರಿ, ಐಸ್ ಹಾಕಿದ ಕಬ್ಬಿನ ಹಾಲು ಬೇಡ ಎನ್ನುತ್ತೇನೆ. ಭೇದಿಯಾದರೆ ಎರಡು ಪೆಟ್ಟು: ಮೈ ನೀರು ಬತ್ತುತ್ತದೆ, ಟ್ಯಾಕ್ರೊಲಿಮಸ್ ಹೆಚ್ಚು ಹೀರಿಕೊಂಡು ಅದರ ಮಟ್ಟವೂ ಏರುತ್ತದೆ. ಎರಡರಿಂದಲೂ ಕ್ರಿಯಾಟಿನಿನ್ ಮೇಲೆ ಹೋಗುತ್ತದೆ. ಬೇಸಿಗೆಯಲ್ಲಿ ಸ್ವಲ್ಪ ಏರಿದ ರಿಪೋರ್ಟ್ ಬಂದರೆ ಮೊದಲು ನೀರು ತುಂಬಿಸಿ, ಎರಡು ದಿನ ಬಿಟ್ಟು ಮತ್ತೆ ನೋಡುತ್ತೇನೆ. ಇಳಿದರೆ ಬಿಸಿಲಿನ ಕೆಲಸ. ಇಳಿಯದಿದ್ದರೆ ಅವತ್ತೇ ಬಿಕೆ ಸ್ಯಾಂಪಲ್ ಕಳಿಸಿ, ಕಸಿ ಮಾಡಿದ ಡಾಕ್ಟರಿಗೆ ಫೋನ್ ಹಚ್ಚುತ್ತೇನೆ.