ಮಾನಸಿಕ ಪುನರ್ವಸತಿ ಆಸ್ಪತ್ರೆಯ ಆರೈಕೆ ಹೇಗಿದೆ ಎಂದು ತಿಳಿಯುವ ಬಗೆ

ಮನೆಯವರೊಬ್ಬರನ್ನು ಮಾನಸಿಕ ಆರೋಗ್ಯ ಪುನರ್ವಸತಿ ಆಸ್ಪತ್ರೆಗೆ ಸೇರಿಸಬೇಕಾಗಿ ಬಂದಾಗ, ಅಥವಾ ಸೇರಿಸಿ ಕೆಲವು ತಿಂಗಳು ಕಳೆದಿರುವಾಗ, ಅಲ್ಲಿನ ಆರೈಕೆ ಸರಿಯಾಗಿದೆಯೇ ಎಂದು ಅಳೆಯುವುದು ಕುಟುಂಬದವರಿಗೆ ಸುಲಭವಲ್ಲ. ಮುರಿದ ಮೂಳೆ ಕೂಡಿಕೊಂಡಿದೆಯೇ ಎಂಬುದನ್ನು ಎಕ್ಸ್‌ರೇ ತೋರಿಸುತ್ತದೆ. ಇಲ್ಲಿ ಅಂತಹ ಚಿತ್ರ ಸಿಗುವುದಿಲ್ಲ. ಹಾಗಾಗಿ ಒರೆಸಿದ ನೆಲ, ಶುಭ್ರವಾದ ಹಾಸಿಗೆ, ಸಿಬ್ಬಂದಿಯ ವಿನಯದ ಮಾತು ಇಷ್ಟನ್ನೇ ಕಂಡು ಸಮಾಧಾನಪಟ್ಟುಕೊಂಡು ಮರಳುವವರು ಬಹಳ ಮಂದಿ. ಸ್ವಚ್ಛತೆ ಬೇಕೇ ಬೇಕು. ಆದರೆ ಕಾಯಿಲೆಯಿಂದಾಗಿ ಕೈಬಿಟ್ಟುಹೋದ ದಿನನಿತ್ಯದ ಸಾಮರ್ಥ್ಯಗಳನ್ನು ಮರಳಿ ರೂಢಿಸುವುದೇ ಪುನರ್ವಸತಿಯ ಕೆಲಸವಾದ್ದರಿಂದ, ನೀವು ಮೊದಲು ಪರಿಶೀಲಿಸಬೇಕಾದದ್ದು ಅಲ್ಲಿರುವವರ ಒಂದು ದಿನ ಹೇಗೆ ಕಳೆಯುತ್ತದೆ ಎಂಬುದನ್ನು.

ಇದಕ್ಕೆ ಹಳೆಯದಾದರೂ ಗಟ್ಟಿಯಾದ ಆಧಾರವಿದೆ. 1960ರ ದಶಕದಲ್ಲಿ ಜಾನ್ ವಿಂಗ್ ಮತ್ತು ಜಾರ್ಜ್ ಬ್ರೌನ್ ಎಂಬ ಸಂಶೋಧಕರು ಇಂಗ್ಲೆಂಡಿನ ಮೂರು ಮಾನಸಿಕ ಆಸ್ಪತ್ರೆಗಳಲ್ಲಿ ದೀರ್ಘಕಾಲದಿಂದ ಒಳರೋಗಿಗಳಾಗಿದ್ದ, ಸ್ಕಿಜೋಫ್ರೀನಿಯಾ (ಭ್ರಮೆ, ಇಲ್ಲದ ಧ್ವನಿ ಕೇಳಿಸುವುದು ಮುಂತಾದವು ಕಾಣುವ ತೀವ್ರ ಮಾನಸಿಕ ಕಾಯಿಲೆ) ಇದ್ದ ಮಹಿಳೆಯರನ್ನು ಹಲವು ವರ್ಷ ಅಧ್ಯಯನ ಮಾಡಿದರು. ಸುತ್ತಲಿನ ಬದುಕು ಬಡವಾಗಿದ್ದ ಕಡೆ ಮಾತು ಕಡಿಮೆಯಾಗುವುದು, ಮುದುಡಿಕೊಳ್ಳುವುದು, ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು ಹೆಚ್ಚಾಗಿತ್ತು. ಸುಧಾರಣೆಯೊಂದಿಗೆ ಅತ್ಯಂತ ನಿಕಟವಾಗಿ ಕೂಡಿಬಂದ ಬದಲಾವಣೆಯೆಂದರೆ ಏನೂ ಮಾಡದೆ ಕುಳಿತಿರುವ ಹೊತ್ತು ಕಡಿಮೆಯಾದದ್ದು. ಹೀಗೆ ಸುಮ್ಮನೆ ಕುಳಿತ ಹೊತ್ತನ್ನು ಅಳೆಯಲು ವಿಶೇಷ ಪರಿಣತಿ ಬೇಕಿಲ್ಲ. ಭೇಟಿಯ ಸಮಯವನ್ನು ಪ್ರತಿ ಸಲವೂ ಬದಲಿಸಿರಿ: ಒಮ್ಮೆ ಬೆಳಗಿನ ಹನ್ನೊಂದಕ್ಕೆ, ಒಮ್ಮೆ ಸಂಜೆಗೆ, ಒಮ್ಮೆ ರಜೆಯ ದಿನ. ಗೋಡೆಗೆ ಅಂಟಿಸಿದ ವೇಳಾಪಟ್ಟಿಯಲ್ಲಿ ಆ ಹೊತ್ತಿಗೆ ಏನೆಂದು ಬರೆದಿದೆ, ನಿಜಕ್ಕೂ ಎಷ್ಟು ಜನ ಅದರಲ್ಲಿ ತೊಡಗಿದ್ದಾರೆ, ಎಷ್ಟು ಜನ ಟಿವಿಯ ಮುಂದೆ ಸುಮ್ಮನೆ ಕುಳಿತಿದ್ದಾರೆ ಎಂಬುದನ್ನು ಹೋಲಿಸಿರಿ. ನಿಮ್ಮವರೊಡನೆ ಮಾತನಾಡುವಾಗ ‘ಹೇಗಿದ್ದೀಯ’ ಎಂದು ಕೇಳಿ ನಿಲ್ಲಿಸದೆ, ನಿನ್ನೆ ಎದ್ದಾಗಿನಿಂದ ಮಲಗುವವರೆಗೆ ಏನೇನು ಮಾಡಿದೆ ಎಂದು ನಿಧಾನವಾಗಿ ಕೇಳಿರಿ.

ಇದರ ಜೊತೆಗೆ, ಕೆಲಸವನ್ನು ಯಾರು ಮಾಡುತ್ತಾರೆ ಎಂಬುದನ್ನೂ ಗಮನಿಸಿ. ಬಟ್ಟೆ ಒಗೆಯುವುದು, ಹಾಸಿಗೆ ಸರಿಪಡಿಸುವುದು, ಸಣ್ಣಪುಟ್ಟ ಖರೀದಿ, ಹಣ ಎಣಿಸಿ ಕೊಡುವುದು ಎಲ್ಲವನ್ನೂ ಸಿಬ್ಬಂದಿಯೇ ಮಾಡಿಬಿಟ್ಟರೆ, ಅದು ಎಷ್ಟೇ ಅಕ್ಕರೆಯಿಂದ ಮಾಡಿದ್ದಾದರೂ, ಪುನರ್ವಸತಿಗೆ ವಿರುದ್ಧವಾದದ್ದು. ಪಕ್ಕದಲ್ಲಿ ನಿಂತು, ತಪ್ಪಿದಾಗ ತಿದ್ದಿ, ಹತ್ತು ನಿಮಿಷದ ಕೆಲಸಕ್ಕೆ ನಲವತ್ತು ನಿಮಿಷ ಕೊಡುವ ತಾಳ್ಮೆಯನ್ನು ನಾನು ಯಾವುದೇ ದುಬಾರಿ ಉಪಕರಣಕ್ಕಿಂತ ಹೆಚ್ಚಾಗಿ ಎಣಿಸುತ್ತೇನೆ. ಹಾಗೆಂದು ಆಸ್ಪತ್ರೆಯ ಕೆಲಸವನ್ನು ರೋಗಿಗಳಿಂದ ಬಿಟ್ಟಿಯಾಗಿ ಮಾಡಿಸಿಕೊಳ್ಳುವುದಕ್ಕೆ ಚಿಕಿತ್ಸೆ ಎಂಬ ಹೆಸರು ಕೊಡುವಂತಿಲ್ಲ. ಕಲಿಕೆ ಅವರದಾಗಿರಬೇಕು, ಒಪ್ಪಿಗೆಯೂ ಅವರದಾಗಿರಬೇಕು.

ಆಮೇಲೆ ಲಿಖಿತ ಆರೈಕೆ ಯೋಜನೆಯನ್ನು ತೋರಿಸಲು ಕೇಳಿರಿ. ಮನೋವೈದ್ಯರು, ನರ್ಸ್, ಮನಶ್ಶಾಸ್ತ್ರಜ್ಞರು, ಸಮಾಜ ಕಾರ್ಯಕರ್ತರು, ಆಕ್ಯುಪೇಷನಲ್ ಥೆರಪಿಸ್ಟ್ (ದಿನನಿತ್ಯದ ಕೆಲಸಗಳನ್ನು ಮರಳಿ ರೂಢಿಸುವ ತಜ್ಞರು) ಇವರೆಲ್ಲ ಸೇರಿ, ರೋಗಿಯನ್ನೂ ಕೂರಿಸಿಕೊಂಡು ಮಾಡಿದ ಯೋಜನೆ ಅದಾಗಿರಬೇಕು. ‘ಸ್ವಾವಲಂಬನೆ ಹೆಚ್ಚಿಸುವುದು’ ಎಂದಷ್ಟೇ ಬರೆದಿದ್ದರೆ ಅದು ಗುರಿಯಲ್ಲ. ‘ಮುಂದಿನ ಪರಿಶೀಲನೆಯ ಹೊತ್ತಿಗೆ ಯಾರೂ ನೆನಪಿಸದೆ ಬೆಳಗಿನ ಮಾತ್ರೆ ತೆಗೆದುಕೊಳ್ಳುವುದು’ ಎಂಬುದು ಗುರಿ. ಪರಿಶೀಲನೆಯ ದಿನಾಂಕವಿದೆಯೇ, ರೋಗಿಯ ಸ್ವಂತ ಬಯಕೆ ಒಂದಾದರೂ ಅದರಲ್ಲಿ ಕಾಣುತ್ತದೆಯೇ ಎಂದು ನೋಡಿರಿ. ಯೋಜನೆಯನ್ನು ಕುಟುಂಬಕ್ಕೆ ತೋರಿಸಲು ರೋಗಿಯ ಒಪ್ಪಿಗೆ ಕೇಳುವ ಆಸ್ಪತ್ರೆ ನಿಮ್ಮನ್ನು ದೂರವಿಡುತ್ತಿಲ್ಲ, ತನ್ನ ಕರ್ತವ್ಯ ಮಾಡುತ್ತಿದೆ.

ದೇಹದ ಆರೋಗ್ಯದ ಬಗ್ಗೆ ಇನ್ನೂ ಬಿಡಿಸಿ ಕೇಳಬೇಕು. ತೀವ್ರ ಮಾನಸಿಕ ಕಾಯಿಲೆ ಇರುವವರು ಇತರರಿಗಿಂತ 10ರಿಂದ 20 ವರ್ಷ ಮೊದಲೇ ತೀರಿಕೊಳ್ಳುತ್ತಾರೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಈ ಸಾವುಗಳಲ್ಲಿ ಹೆಚ್ಚಿನವು ಹೃದ್ರೋಗದಂತಹ, ತಡೆಯಬಹುದಾದ ದೈಹಿಕ ಕಾಯಿಲೆಗಳಿಂದ ಆಗುತ್ತವೆ. ಮನೋವಿಕಾರಕ್ಕೆ ಕೊಡುವ ಹಲವು ಔಷಧಗಳು ತೂಕ, ರಕ್ತದ ಸಕ್ಕರೆ, ಕೊಬ್ಬಿನಂಶಗಳನ್ನು ಏರಿಸಬಲ್ಲವಾದ್ದರಿಂದ, ಔಷಧ ಆರಂಭಿಸುವಾಗಿನ ಅಳತೆ ಮತ್ತು ನಂತರದ ಅಳತೆಗಳು ದಾಖಲಾಗಿವೆಯೇ ಎಂದು ಕೇಳಿ. ಮನಸ್ಥಿತಿಯ ವಿಪರೀತ ಏರಿಳಿತಕ್ಕೆ ಕೊಡುವ ಲಿಥಿಯಂ ತೆಗೆದುಕೊಳ್ಳುವವರಿಗೆ ರಕ್ತದಲ್ಲಿ ಅದರ ಮಟ್ಟ, ಮೂತ್ರಪಿಂಡ ಮತ್ತು ಥೈರಾಯ್ಡ್ ಪರೀಕ್ಷೆಗಳು ಕಾಲಕಾಲಕ್ಕೆ ಆಗಬೇಕು. ಬೇರೆ ಔಷಧಗಳಿಗೆ ಬಗ್ಗದ ಸ್ಕಿಜೋಫ್ರೀನಿಯಾಕ್ಕೆ ಕೊಡುವ ಕ್ಲೋಜಪಿನ್ ತೆಗೆದುಕೊಳ್ಳುವವರಿಗೆ ಬಿಳಿ ರಕ್ತಕಣಗಳ ಎಣಿಕೆ ಬೇಕು; ಮಲಬದ್ಧತೆಯನ್ನೂ ಹಗುರವಾಗಿ ಕಾಣುವಂತಿಲ್ಲ, ಏಕೆಂದರೆ ಅದು ಪ್ರಾಣಾಪಾಯದವರೆಗೂ ಹೋಗಬಲ್ಲದು. ಹೆಚ್ಚಿನವರಿಗೆ ಗೊತ್ತಿಲ್ಲದ ಇನ್ನೊಂದು ಸಂಗತಿಯಿದೆ: ತಂಬಾಕಿನ ಹೊಗೆ ಕ್ಲೋಜಪಿನ್ ದೇಹದಿಂದ ಬೇಗ ಕರಗಿಹೋಗುವಂತೆ ಮಾಡುತ್ತದೆ. ಆದ್ದರಿಂದ ಧೂಮಪಾನ ನಿಷೇಧಿಸಿರುವ ಆಸ್ಪತ್ರೆ ಸೇರಿ ಸಿಗರೇಟು ಥಟ್ಟನೆ ನಿಂತಾಗ, ಅದೇ ಪ್ರಮಾಣದ ಔಷಧ ರಕ್ತದಲ್ಲಿ ಹೆಚ್ಚಾಗಿ ವಿಪರೀತ ಮಂಪರು ಬರಬಹುದು. ಹೊರಗೆ ಬಂದು ಮತ್ತೆ ಸೇದತೊಡಗಿದರೆ ಮಟ್ಟ ಕುಸಿದು ಕಾಯಿಲೆ ಮರುಕಳಿಸಬಹುದು. ಈ ಕುರಿತು ನೀವು ಕೇಳುವ ಮೊದಲೇ ವಿಚಾರಿಸುವ ವೈದ್ಯರ ಮೇಲೆ ನಂಬಿಕೆ ಇಡಬಹುದು.

ಕಟ್ಟಿಹಾಕುವುದು, ಒಂಟಿ ಕೋಣೆಯಲ್ಲಿ ಕೂಡಿಹಾಕುವುದು, ಸುಮ್ಮನಿರಿಸಲೆಂದೇ ಚುಚ್ಚುಮದ್ದು ಕೊಡುವುದು ಇವುಗಳ ಬಗ್ಗೆ ಸಂಕೋಚಪಡದೆ ನೇರವಾಗಿ ಕೇಳಿರಿ. ಅಂಗವೈಕಲ್ಯವುಳ್ಳವರ ಹಕ್ಕುಗಳ ಕುರಿತು ವಿಶ್ವಸಂಸ್ಥೆ 2006ರಲ್ಲಿ ಅಂಗೀಕರಿಸಿದ ಒಡಂಬಡಿಕೆಯಲ್ಲಿ ಮಾನಸಿಕ ಅಂಗವೈಕಲ್ಯವೂ ಸೇರಿದೆ. ಅದನ್ನು ಆಧರಿಸಿ ವಿಶ್ವ ಆರೋಗ್ಯ ಸಂಸ್ಥೆ 2012ರಲ್ಲಿ ಹೊರತಂದ ‘ಕ್ವಾಲಿಟಿ ರೈಟ್ಸ್’ ಪರಿಶೀಲನಾ ಸಾಧನವು ಬಲಪ್ರಯೋಗದಿಂದ ಮುಕ್ತಿಯನ್ನು ಆರೈಕೆಯ ಗುಣಮಟ್ಟದ ಒಂದು ಮುಖ್ಯ ಅಂಗವೆಂದೇ ಎಣಿಸುತ್ತದೆ. ‘ನಮ್ಮಲ್ಲಿ ಅದೆಲ್ಲ ಇಲ್ಲ’ ಎಂಬ ಬಾಯಿಮಾತಿಗಿಂತ, ಯಾವಾಗ, ಏಕೆ, ಯಾರ ಆದೇಶದ ಮೇಲೆ, ಎಷ್ಟು ಹೊತ್ತು, ನಡುವೆ ಎಷ್ಟು ಸಲ ನೋಡಲಾಯಿತು, ಅದಕ್ಕೆ ಮೊದಲು ಬೇರೇನು ಪ್ರಯತ್ನಿಸಲಾಯಿತು ಎಂದೆಲ್ಲ ಬರೆದಿಟ್ಟ ದಾಖಲೆ ಪುಸ್ತಕಕ್ಕೆ ಹೆಚ್ಚು ಬೆಲೆಯಿದೆ. ಶಿಕ್ಷೆಯಾಗಿ ಅಥವಾ ಸಿಬ್ಬಂದಿ ಸಾಲದೆಂಬ ಕಾರಣಕ್ಕೆ ಹೀಗೆ ಮಾಡುವುದಕ್ಕೆ ಯಾವ ಸಮರ್ಥನೆಯೂ ಇಲ್ಲ. ಸ್ನಾನದ ಮನೆಯಲ್ಲಿ ಖಾಸಗಿತನವಿದೆಯೇ, ಯಾರೂ ಕೇಳಿಸಿಕೊಳ್ಳದಂತೆ ಫೋನಿನಲ್ಲಿ ಮಾತನಾಡಬಹುದೇ, ಸಿಬ್ಬಂದಿ ರೋಗಿಯನ್ನು ಹೆಸರು ಹಿಡಿದು ಕರೆಯುತ್ತಾರೆಯೇ ಎಂಬುದನ್ನೂ ನೋಡಿ.

ನಿಮ್ಮವರು ದೂರು ಹೇಳಿದರೆ ‘ಅದು ಕಾಯಿಲೆಯ ಮಾತು’ ಎಂದು ದಯವಿಟ್ಟು ತಳ್ಳಿಹಾಕಬೇಡಿ. ಭ್ರಮೆ ಇರುವವರಿಗೂ ಹೊಡೆತ ಬೀಳಬಹುದು, ಹಸಿವಾಗಬಹುದು, ಅವಮಾನವಾಗಬಹುದು. ಹೇಳಿದ್ದನ್ನು ದಿನಾಂಕದೊಂದಿಗೆ ಅವರ ಮಾತಿನಲ್ಲೇ ಬರೆದುಕೊಳ್ಳಿ. ಮೊದಲು ವಾರ್ಡಿನ ಮೇಲ್ವಿಚಾರಕರೊಡನೆ ಮಾತನಾಡಿ, ನಂತರ ಲಿಖಿತವಾಗಿ ಕೊಟ್ಟು ಪ್ರತಿ ಇಟ್ಟುಕೊಳ್ಳಿ. ದೂರು ಕೊಟ್ಟರೆ ಒಳಗಿರುವವರಿಗೆ ತೊಂದರೆಯಾದೀತೆಂಬ ಅಂಜಿಕೆ ಸಹಜ. ಆ ಅಂಜಿಕೆಯನ್ನೂ ಅದೇ ಪತ್ರದಲ್ಲಿ ಬರೆಯಿರಿ, ಭೇಟಿಗಳನ್ನು ಹೆಚ್ಚಿಸಿರಿ. ವಿವರಣೆಯಿಲ್ಲದ ಗಾಯ, ಒಮ್ಮೆಲೇ ಇಳಿದ ತೂಕ, ನಿರ್ದಿಷ್ಟ ವ್ಯಕ್ತಿಯನ್ನು ಕಂಡರೆ ನಡುಗುವುದು ಇಂಥವು ಕಂಡರೆ ಮೆಟ್ಟಿಲು ಮೆಟ್ಟಿಲಾಗಿ ಕಾಯದೆ, ಆಸ್ಪತ್ರೆಯ ಹೊರಗಿನ ಮೇಲ್ವಿಚಾರಣಾ ಸಂಸ್ಥೆಗೇ ತಿಳಿಸಿ.

ಬಿಡುಗಡೆಯ ವಿಚಾರವನ್ನು ಸೇರಿಸಿದ ವಾರದಲ್ಲೇ ಎತ್ತಿರಿ. ಯಾವ ಸ್ಥಿತಿಗೆ ಬಂದರೆ ಮನೆಗೆ ಕಳುಹಿಸುತ್ತೀರಿ, ಅದಕ್ಕೆ ಮೊದಲು ಕೆಲವು ದಿನ ಮನೆಯಲ್ಲಿದ್ದು ನೋಡಲು ಅವಕಾಶವಿದೆಯೇ ಎಂದು ಕೇಳಿ. ಹೊರಡುವ ದಿನ ಔಷಧದ ಪಟ್ಟಿ, ಮುಂದಿನ ಭೇಟಿಯ ದಿನಾಂಕ, ಕಾಯಿಲೆ ಮರುಕಳಿಸುವ ಮುನ್ಸೂಚನೆಗಳು ಮತ್ತು ರಾತ್ರಿ ಹೊತ್ತಿನಲ್ಲಿ ಕರೆ ಮಾಡಬೇಕಾದ ಸಂಖ್ಯೆ ಇವಿಷ್ಟೂ ಬರವಣಿಗೆಯಲ್ಲಿ ನಿಮ್ಮ ಕೈಗೂ ನಿಮ್ಮವರ ಕೈಗೂ ಬರಬೇಕು. ಆ ಸಂಖ್ಯೆಗೆ ಹೊರಡುವ ಮೊದಲೇ ಒಮ್ಮೆ ಕರೆ ಮಾಡಿ, ಯಾರು ಎತ್ತುತ್ತಾರೆಂದು ತಿಳಿದುಕೊಳ್ಳಿ.